ಉಪ್ಪುನೀರಿನ ಹತ್ತನೆಯ ಕಂತು

ಸುನ್ನಿವಾಳ ಮಲಗುವ ಕೋಣೆಯ ಬಾಗಿಲಲ್ಲೇ ಐಲಿಫ್ ನಿಂತುಬಿಟ್ಟ. ಗೋಡೆಯ ಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತ್ತು. ಒದ್ದೆ ಹೆಜ್ಜೆಗಳು ಕಿಟಕಿಯಿಂದ ಮಂಚದವರೆಗೆ ಬಂದು ಅಲ್ಲೇ ಮುಗಿದಿದ್ದವು. ದಿಂಬಿನ ಮೇಲೆ ಒಂದು ಹಿಡಿ ಕಡಲಪಾಚಿ.

"ಇದು ಮೂರನೇ ಸಲ," ಎಂದಳು ಸುನ್ನಿವಾ. ಹಿಂದಿನ ರಾತ್ರಿ ಅವಳು ಮಲಗಿದ್ದು ಪಕ್ಕದ ಮನೆಯಲ್ಲಿ, ಬೋರ್ಗಿಲ್ಡಳ ಕಣ್ಣೆದುರು. "ನಿಜ ಹೇಳು ಬೋರ್ಗಿಲ್ಡ್. ನಾನು ಬದುಕಿದೀನಾ?"

ಬೋರ್ಗಿಲ್ಡ್ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವಳು. ಆ ಕಡಲೂರಿನಲ್ಲಿ ಏನೇ ಕಳವಾದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ತನ್ನ ಔಷಧಿ ಅಂಗಡಿ ಮುಚ್ಚಿದ ಮೇಲೆ ಐಲಿಫ್ ಅವಳ ನೆರಳೇ ಆಗಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ 'ಉಪ್ಪುನೀರು' ಧಾರಾವಾಹಿಯನ್ನು ಚಿತ್ರಿಸಿದ್ದು ಇದೇ ಊರಿನಲ್ಲಿ. ಕಡಲಿನಿಂದ ಮರಳಿ ಬರುವ ಹುಡುಗಿಯ ಪಾತ್ರ ಮಾಡಿದವಳು ಸುನ್ನಿವಾ. ಅಭಿಮಾನಿಗಳು ಈಗಲೂ ಪ್ರತಿವರ್ಷ ಬಂದು ವಾದಿಸುತ್ತಿದ್ದರು: ನಿಂತ ಗಡಿಯಾರ ಕಂಡಲ್ಲೆಲ್ಲ ನಡೆಯುವುದು ನಿಜವಲ್ಲ, ಹುಡುಗಿ ಮೊದಲ ಕಂತಿನಲ್ಲೇ ಮುಳುಗಿದ್ದಾಳೆ, ಉಳಿದದ್ದೆಲ್ಲ ಅವಳ ಕೊನೆಯ ಕನಸು. ಸುನ್ನಿವಾ ಅದನ್ನು ಕೇಳಿ ನಗುತ್ತಿದ್ದಳು. ಈ ವಸಂತದಲ್ಲಿ ತನ್ನ ನೆನಪುಗಳನ್ನು ಬರೆಯತೊಡಗಿದ ಮೇಲೆ ಆ ನಗು ನಿಂತಿತ್ತು.

ಬೆಳಿಗ್ಗೆ ದೋಣಿಯಿಂದ ಮರಳಿದ ಗಂಡ ಹಾಲ್ವರ್ ಕೋಣೆ ನೋಡಿ ಸಿಡಿದ. "ಆ ತಲೆಕೆಟ್ಟ ಅಭಿಮಾನಿ ಯಾರ್ಲೆಯದೇ ಕೆಲಸ! ಆ ಸೀರಿಯಲ್ ನಾನು ಒಂದು ಕಂತೂ ನೋಡಿಲ್ಲಪ್ಪ. ಅವತ್ತು ಶೂಟಿಂಗಲ್ಲಿ ಹಗ್ಗ ಹಿಡಿದು ನಿಂತಿದ್ದೇ ಸಾಕಾಗಿತ್ತು." ಆಮೇಲೆ ಹೆಂಡತಿಯ ಭುಜ ಸವರಿದ. "ಬರೆಯೋದು ಬಿಡು ಚಿನ್ನ. ಡಾಕ್ಟರಿಗೆ ತೋರಿಸೋಣ."

ಯಾರ್ಲೆಯ ಬಾಡಿಗೆ ಕೋಣೆಯ ಗೋಡೆ ತುಂಬ ಧಾರಾವಾಹಿಯ ಚಿತ್ರಗಳು. ಆ ಬಡಕಲು ಶಾಲಾಮಾಸ್ತರ ಉತ್ಸಾಹದಿಂದ ಹತ್ತನೆಯ ಕಂತು ಹಾಕಿದ. ತೆರೆಯ ಮೇಲೆ ಅಂಕಿಗಳಿಲ್ಲದ ಗಡಿಯಾರ, ಅದರಡಿ ಎಳೆಯ ಸುನ್ನಿವಾ.

"ಏಳು ಐವತ್ತು. ಇದೇ ಶಾಟ್ ಆರು ಕಂತಲ್ಲಿ ಬರುತ್ತೆ. ಇನ್ನು ಮಚ್ಚೆ ನೋಡಿ! ಯಾವಾಗ್ಲೂ ಎಡಗೆನ್ನೆ ಮೇಲೆ, ಈ ಶಾಟಲ್ಲಿ ಮಾತ್ರ ಬಲಗೆನ್ನೆ. ಅಂದ್ರೆ ಇದು ಸತ್ತವರ ಲೋಕ."

ಐಲಿಫ್ ಒಂದು ಹೆಜ್ಜೆ ಹಿಂದೆ ಸರಿದ. ಬೋರ್ಗಿಲ್ಡ್ ಮಾತ್ರ ತೆರೆಗೆ ಮೂಗು ತಾಗಿಸಿ, "ಕೋಟಿನ ಗುಂಡಿಗಳೂ ಕಡೆ ಬದಲಾಯಿಸಿವೆಯಲ್ಲೋ!" ಎಂದಳು.

ಮಧ್ಯಾಹ್ನ ಎಲ್ಲರೂ ಸುನ್ನಿವಾಳ ಅಡುಗೆಮನೆಯಲ್ಲಿ ಸೇರಿದರು. ಮೇಜಿನ ಮೇಲಿದ್ದ ಚೀಸ್ ಹಾಕಿದ ವಾಫಲ್‌ಗಳನ್ನು ಯಾರೂ ಮುಟ್ಟಲಿಲ್ಲ.

ಬೋರ್ಗಿಲ್ಡ್ ಗಡಿಯಾರವನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಕೈಗನ್ನಡಿ ಹಿಡಿದಳು. "ನಾಲ್ಕು ಹತ್ತು. ಕನ್ನಡಿಯಲ್ಲಿ?"

"ಏಳು ಐವತ್ತು!" ಐಲಿಫ್ ಉಸುರಿದ.

"ಯಾರೋ ಆ ಶಾಟನ್ನು ಎಡಬಲ ತಿರುಗಿಸಿ ಜೋಡಿಸಿದ್ದಾರೆ, ಅಷ್ಟೆ. ಮಚ್ಚೆ, ಗುಂಡಿ ಎಲ್ಲ ಅದಕ್ಕೇ ಪಕ್ಕ ಬದಲಾಯಿಸಿದ್ದು. ಟೀವಿ ನೋಡಿದವರು ಯಾರೇ ಆಗಲಿ, ಮುಳ್ಳನ್ನು ಏಳು ಐವತ್ತಕ್ಕೇ ಇಡ್ತಿದ್ದರು. ನಾಲ್ಕು ಹತ್ತು ಕಂಡಿದ್ದು ಚಿತ್ರೀಕರಣದಲ್ಲಿ ನಿಂತವರಿಗೆ ಮಾತ್ರ. ಅವರ ಪೈಕಿ ಈ ಊರಲ್ಲಿರೋದು ಇಬ್ಬರು. ಸುನ್ನಿವಾ ನನ್ನ ಮುಂದೆ ಮಲಗಿದ್ದಳು. ನೀನು ಒಂದು ಕಂತೂ ನೋಡಿಲ್ಲ ಅಂದೆಯಲ್ಲ ಹಾಲ್ವರ್, ಆ ಮಾತು ಮಾತ್ರ ನಿಜ. ಅದಕ್ಕೇ ತೆರೆಯ ಮೇಲೆ ಅದು ಏಳು ಐವತ್ತಾಗಿದ್ದು ನಿನಗೆ ಗೊತ್ತೇ ಇರಲಿಲ್ಲ."

ಸುನ್ನಿವಾ ಹಾಲ್ವರನನ್ನೇ ದಿಟ್ಟಿಸಿದಳು.

"ನಾನು ಬರೆದಿದ್ದನ್ನ ಓದಿದೀಯಾ," ಎಂದಳು ಮೆಲ್ಲಗೆ. "ಶೂಟಿಂಗಲ್ಲಿ ನನ್ನ ಬದಲು ನೀರಿಗಿಳಿದು ಮುಳುಗಿಹೋದ ಹುಡುಗಿ. ಅವಳ ಸೊಂಟದ ಹಗ್ಗ ಕಡಿದುಹೋಯ್ತು ಅಂತ ನೀನೇ ಎಲ್ಲರಿಗೂ ಹೇಳಿದ್ದೆ. ಕಡಿದ ಹಗ್ಗ ನಾನು ನೋಡೇ ಇರಲಿಲ್ಲ ಅಂತ ಬರೀತಾ ಬರೀತಾ ನೆನಪಾಯ್ತು."

"ಕಟ್ಟೋಕೆ ಮರೆತಿದ್ದೆ." ಹಾಲ್ವರ್ ತಟ್ಟೆಯನ್ನು ದೂರ ಸರಿಸಿದ. "ನೀನು ಬರೆದುಬಿಡ್ತೀಯ ಅಂತ ಹೆದರಿದೆ. ನಿನ್ನ ಮಾತನ್ನ ಯಾರೂ ನಂಬಬಾರದು ಅಂತ..."

"ಬೇರೆಯವರಲ್ಲ. ನನ್ನನ್ನ ನಾನೇ ನಂಬದ ಹಾಗೆ ನೀನು ಮಾಡಿದೆ."

ಯಾರ್ಲೆಯ ಮುಖ ಬಿಳಿಚಿತ್ತು. "ಮುಳುಗೋ ದೃಶ್ಯ... ನೂರಾರು ಸಲ ನೋಡಿದೀನಿ. ನೀರಲ್ಲಿ ಕೈ ಬೀಸೋಳು..."

"ಅವಳೇ," ಎಂದಳು ಸುನ್ನಿವಾ. "ಅವಳು ನಿಜವಾಗಿ ಮುಳುಗಿದ್ದನ್ನೂ ಸೀರಿಯಲ್ಲಿಗೆ ಸೇರಿಸಿಬಿಟ್ಟರು."

"ಕಂತಿನ ಕೊನೆಗೆ ಬರೋ ಹೆಸರುಗಳ ಪಟ್ಟಿಯಲ್ಲಿ ಅವಳ ಹೆಸರೇ ಇಲ್ವಲ್ಲ. ಯಾರವಳು?"

"ಟೂರುನ್. ಆಗ ಹತ್ತೊಂಬತ್ತು ವರ್ಷ. ಅವಳ ತಾಯಿ ಇನ್ನೂ ಆಚೆ ದಡದಲ್ಲಿದ್ದಾಳೆ." ಸುನ್ನಿವಾ ಎದ್ದು ಕೋಟು ತೊಟ್ಟಳು. "ಮೊದಲು ಪೊಲೀಸರ ಹತ್ತಿರ ಹೋಗೋಣ. ಆಮೇಲೆ ಆಕೆಗೆ ನಾನೇ ಹೇಳಬೇಕು."

ಹಾಲ್ವರ್ ತನ್ನ ಕೋಟಿಗಾಗಿ ಕೈಚಾಚಿದ. ಯಾರೂ ತೆಗೆದುಕೊಡಲಿಲ್ಲ. ಕೊನೆಗೆ ತಾನೇ ಎದ್ದು ಅದನ್ನು ತೊಟ್ಟು, ಹೆಂಡತಿಯ ಹಿಂದೆ ಹೊರಟ.