ದಿನಕ್ಕೆರಡು ಬನ್ನು

ಅವಳು ಅವನಿಗೆ ಮೊದಲು ಸಿಕ್ಕಿದ್ದು ಮೈದಾ ಮೂಟೆಯ ಮೇಲೆ, ಗಾಢ ನಿದ್ದೆಯಲ್ಲಿ.

ಬೇಕರಿಯ ಬಿಲ್ ಕೌಂಟರಿನಲ್ಲಿ ಅವಳಿಗೆ ಅದು ಮೊದಲ ದಿನ. ಬೆಳಗಿನ ಹತ್ತು ಗಂಟೆ. ಹಿಂದಿನ ಉಗ್ರಾಣದಿಂದ ಕಾಗದದ ಚೀಲ ತರುತ್ತೇನೆಂದು ಹೋದವಳು ಅರ್ಧ ಗಂಟೆಯಾದರೂ ವಾಪಸ್ಸು ಬಂದಿರಲಿಲ್ಲ. ಹಿಟ್ಟು ಒಯ್ಯಲು ಬಂದ, ಬ್ರೆಡ್ಡು ಬೇಯಿಸುವ ಭಟ್ಟಿಯವನು ಬಾಗಿಲಲ್ಲೇ ನಿಂತುಬಿಟ್ಟ.

"ಏನ್ರೀ! ನಿಮ್ಮಪ್ಪನ ಮನೆ ಅಂದ್ಕೊಂಡ್ರಾ ಇದು?"

ಅವಳು ಬೆಚ್ಚಿಬಿದ್ದು ಎದ್ದಳು. ಎದ್ದ ರಭಸಕ್ಕೆ ಕಣ್ಣು ಕತ್ತಲಿಟ್ಟಿತು. ಆಧಾರಕ್ಕೆಂದು ಕೈ ಚಾಚಿದಳು. ಸಿಕ್ಕಿದ್ದು ಅವನ ತೋಳು.

"ಅಯ್ಯೋ... ಒಂದು ನಿಮಿಷ ಕೂತ್ಕೊಂಡೆ ಅಷ್ಟೇ..."

"ಕೂತ್ಕೊಂಡೋರು ಗೊರಕೆ ಹೊಡೀತಾರಾ?"

"ನಾನು ಗೊರಕೆ ಹೊಡೆಯಲ್ಲ!"

"ಹೌದಾ? ಹಾಗಾದ್ರೆ ಮೂಟೇನೇ ಹೊಡೀತಿತ್ತು ಅನ್ಸುತ್ತೆ."

ಅವಳಿಗೆ ನಗು ಬರಲಿಲ್ಲ. ಅವನ ಕಣ್ಣು ತನ್ನ ತೋಳು ಹಿಡಿದಿದ್ದ ಅವಳ ಕೈಯ ಮೇಲೆ ಹೋಯಿತು. ಬೆಳ್ಳಗಿತ್ತು.

"ಕೈಯೆಲ್ಲಾ ಹಿಟ್ಟು. ಒರೆಸ್ಕೊಂಡು ಹೋಗಿ."

ಅವಳು ಕರವಸ್ತ್ರ ತೆಗೆದು ಅಂಗೈ ಉಜ್ಜಿದಳು. ಮತ್ತೆ ಉಜ್ಜಿದಳು. ಬಣ್ಣ ಹಾಗೇ ಇತ್ತು.

"ಇದು ಹಿಟ್ಟಲ್ಲ," ಎಂದಳು. "ನಾನಿರೋದೇ ಹೀಗೆ."

ಅವನು ಮೂಟೆ ಹೆಗಲಿಗೇರಿಸಿ ಹೋದ.

ಮರುದಿನ ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲು ಬಂದಿತ್ತು. ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ. ಅದರ ಕಾಲುಗಳ ಮೇಲೆ ಹಿಟ್ಟಿನ ಬೆರಳ ಗುರುತುಗಳಿದ್ದವು.

ಸುಸ್ತು ಶುರುವಾದಾಗ ಅವಳಿಗೆ ಹದಿನೆಂಟು. ಈಗ ಇಪ್ಪತ್ತೇಳು. ಈ ಒಂಬತ್ತು ವರ್ಷದಲ್ಲಿ ಹಿಮೋಗ್ಲೋಬಿನ್ ಏಳು ದಾಟಿ ಎಂಟಾದದ್ದುಂಟು, ಎಂಟರಿಂದ ಮತ್ತೆ ಏಳಕ್ಕೆ ಜಾರಿದ್ದುಂಟು. ಹೋದಲ್ಲೆಲ್ಲಾ ಕಬ್ಬಿಣದ ಮಾತ್ರೆ. ಹೋದಲ್ಲೆಲ್ಲಾ ಅದೇ ಮಾತು: ಹೆಣ್ಮಕ್ಕಳಿಗೆ ಇದೆಲ್ಲಾ ಮಾಮೂಲು. ರಕ್ತ ಯಾಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಸುಸ್ತಿನ ಜೊತೆ ಸಂಸಾರ ಮಾಡುವುದನ್ನು ಕಲಿತಿದ್ದಳು. ಅಣ್ಣನ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲ ತಿರುವು ಬಂದಾಗಲೆಲ್ಲ ನಿಂತು, ಬ್ಯಾಗಿನಲ್ಲಿ ಬೀಗದ ಕೈ ಹುಡುಕುವವಳಂತೆ ನಟಿಸಬೇಕು. ತಲೆ ಬಾಚುವುದಾದರೆ ಕೂತು. ಬಟ್ಟೆ ಒಗೆದ ದಿನ ಮನೆ ಒರೆಸಬಾರದು. ಮಾತು ಚಿಕ್ಕದಾಗಿರಬೇಕು. ನಗುವುದಕ್ಕೂ ಉಸಿರು ಬೇಕು.

"ಮಹಾರಾಣಿಯವರಿಗೆ ಎಚ್ಚರ ಆಯ್ತಾ?" ಭಾನುವಾರ ಎಂಟಕ್ಕೆ ಎದ್ದರೆ ಅತ್ತಿಗೆಯ ಸುಪ್ರಭಾತ. ಅಣ್ಣ ಪೇಪರಿನ ಹಿಂದೆ.

ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಇಂಥದೇ ಮಾತನ್ನು ಅವಳೂ ಒಬ್ಬರಿಗೆ ಅಂದಿದ್ದಳು. ಅಮ್ಮ ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದಳು. 'ಸದಾ ಮಲಗೋದೇ ಕೆಲಸನಾ ನಿಂಗೆ?' ಎಂದು ಹದಿನೇಳರ ಮಗಳು ರೇಗಿದ್ದಳು. ಅಮ್ಮ ಗೋಡೆ ಹಿಡಿದು ಎದ್ದು, ಪಾತ್ರೆ ತೊಳೆಯಲು ಹೋಗಿದ್ದಳು. ಮರುವರ್ಷ ಒಂದು ಜ್ವರ ಬಂತು. ಬೇರೆಯವರಾದರೆ ವಾರದಲ್ಲಿ ಎದ್ದು ಓಡಾಡುವಂಥ ಜ್ವರ. ಅಮ್ಮ ತಿಂಗಳು ಮಲಗಿದಳು. ಏಳಲಿಲ್ಲ.

"ನೀವು ಹೊಟ್ಟೆಗೆ ಸರಿಯಾಗಿ ತಿನ್ನಲ್ಲ, ಅದಕ್ಕೇ ಈ ಗತಿ," ಎಂದು ಭಟ್ಟಿಯವನು ಒಂದು ದಿನ ತೀರ್ಮಾನ ಕೊಟ್ಟ.

ಅಂದಿನಿಂದ ದಿನಾ ಹತ್ತು ಗಂಟೆಗೆ, ಭಟ್ಟಿಯಿಂದ ಆಗಷ್ಟೇ ಇಳಿದ ಎರಡು ಬನ್ನು, ನಡುವೆ ಬೆಣ್ಣೆ, ಕಾಗದದಲ್ಲಿ ಸುತ್ತಿ ಕೌಂಟರಿಗೆ ಬರತೊಡಗಿದವು. ಕೊಟ್ಟು ನಿಲ್ಲುತ್ತಿರಲಿಲ್ಲ, ಹೋಗಿಬಿಡುತ್ತಿದ್ದ. ಅವನು ಬಂದು ಹೋದ ಮೇಲೂ ಅವನ ವಾಸನೆ ಒಂದಷ್ಟು ಹೊತ್ತು ಅಲ್ಲೇ ಇರುತ್ತಿತ್ತು. ಹುದುಗು, ಬೆಂಕಿ, ಬಿಸಿ ಬ್ರೆಡ್ಡು. ಅವಳು ಅದನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿದ್ದಳು.

ಆದರೆ ಬನ್ನು ಹೊಟ್ಟೆಗೆ ಬಿದ್ದರೆ ಸಂಜೆವರೆಗೂ ಸಂಕಟ. ಹೊಟ್ಟೆ ಉಬ್ಬರಿಸಿ, ಹಿಂಡಿ, ಒಳಗೆ ಯಾರೋ ಗುದ್ದಿದ ಹಾಗೆ. 'ನನ್ನ ಹೊಟ್ಟೆಯೇ ಸರಿಯಿಲ್ಲ' ಎಂದುಕೊಂಡಳು. ಅವನಿಗೆ ಹೇಗೆ ಹೇಳುವುದು? ಯಾರೂ ಅವಳಿಗಾಗಿ ಏನನ್ನೂ ಬಿಸಿಬಿಸಿಯಾಗಿ ತೆಗೆದಿಟ್ಟವರಲ್ಲ.

ಹಿಂದಿನ ಓಣಿಯಲ್ಲಿ ಒಂದು ಕುಂಟ ನಾಯಿಯಿತ್ತು. ಬನ್ನು ಅದರ ಪಾಲಾಯಿತು.

"ಹೇಗಿತ್ತು?"

"ತುಂಬಾ ಚೆನ್ನಾಗಿತ್ತು!"

ಇಂಥ ಸುಳ್ಳಿಗೆ ಶಿಕ್ಷೆ ಇರುತ್ತದೆಂದು ಯಾರಿಗೆ ಗೊತ್ತಿರುತ್ತದೆ?

ಆರು ತಿಂಗಳ ನಂತರ ಹೊಸ ಡಾಕ್ಟರಮ್ಮನ ಬಳಿ ಹೋಗುವಾಗ ಅಣ್ಣನಿಗೆ ಪುರುಸೊತ್ತಿರಲಿಲ್ಲ. ಭಟ್ಟಿಯವನು ಜೊತೆಗೆ ಬಂದ.

ಡಾಕ್ಟರಮ್ಮ ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿದರು. "ಒಂಬತ್ತು ವರ್ಷ ಮಾತ್ರೆ ತಿಂದ್ರೂ ಏರಿಲ್ಲ ಅಂದ್ರೆ, ತಿಂದಿದ್ದು ಮೈಗೆ ಹತ್ತುತ್ತಿಲ್ಲ. ಕೆಲವರಿಗೆ ಗೋಧಿ ಆಗಲ್ಲ. ಮೈದಾನೂ ಗೋಧಿನೇ. ಅದರಲ್ಲಿರೋ ಅಂಟು ಕರುಳಿನ ಒಳಪದರ ಸವೆಸಿಬಿಡುತ್ತೆ. ಪರೀಕ್ಷೆ ಇದೆ, ಆದ್ರೆ ಗೋಧಿ ತಿಂತಾ ಇದ್ರೆ ಮಾತ್ರ ಅದರಲ್ಲಿ ಕಾಣೋದು. ದಿನಾ ತಿಂತೀರಾ?"

ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. "ದಿನಾ ಎರಡು ಬನ್ನು, ಮೇಡಂ. ನಾನೇ ಕೈಯಾರೆ ಕೊಡೋದು."

ಆ ಮುಖದಲ್ಲಿ ಎಂಥ ಹೆಮ್ಮೆ! ಅವಳು ಆ ಮುಖ ನೋಡಿದಳು.

ಹೂಂ ಎಂದು ತಲೆಯಾಡಿಸಿದಳು.

ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. "ನೋಡಿದ್ಯಾ? ನನ್ನ ಬನ್ನು ಏನೂ ಮಾಡಿಲ್ಲ!" ಎಂದು ಅವನು ರಸ್ತೆಯಲ್ಲೇ ಕುಣಿಯುವುದೊಂದು ಬಾಕಿ. ಮೊದಲ ಸಲ ಅವಳನ್ನು 'ನೀನು' ಎಂದಿದ್ದ. ಆ ಒಂದು ಪದಕ್ಕಾಗಿ ಅವಳು ಸುಮ್ಮನಿದ್ದಳು.

ಆ ಸುಮ್ಮನಿರುವಿಕೆಗೆ ಒಂದು ವರ್ಷ ಹೋಯಿತು. ಹೊಟ್ಟೆಯ ಸ್ಕ್ಯಾನು, ಇನ್ನೊಂದು ರಕ್ತ ಪರೀಕ್ಷೆ, ಮತ್ತೊಂದು ಬಣ್ಣದ ಮಾತ್ರೆ. ಏಳು, ಏಳೂವರೆ, ಏಳು.

"ಮದುವೆ ಆಗೋಣ," ಎಂದ ಒಂದು ದಿನ, ಖಾಲಿ ಟ್ರೇ ಒರೆಸುತ್ತಾ.

ಅವಳ ಎದೆ ಡವಡವ ಎಂದಿತು. ಸಂತೋಷಕ್ಕೋ, ರಕ್ತವಿಲ್ಲದ್ದಕ್ಕೋ... ಅವಳ ಎದೆಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು.

"ನನ್ನ ಕಟ್ಕೊಂಡು ಏನ್ ಮಾಡ್ತೀರಿ? ಎರಡು ಬಿಂದಿಗೆ ನೀರು ಎತ್ತೋಕಾಗಲ್ಲ ನಂಗೆ."

"ನಾನು ಎತ್ತುತೀನಿ."

"ಒಂದು ವರ್ಷ ಎತ್ತುತೀರಿ. ಆಮೇಲೆ ನೀವೂ ಮಹಾರಾಣಿ ಅಂತೀರಿ."

ಅವನಿಗೆ ನೋವಾಯಿತು. ಅವಳು ಬನ್ನಿನ ಪೊಟ್ಟಣ ಹಿಡಿದು ಹಿಂಬಾಗಿಲಿಗೆ ಹೋದಳು. ಹೇಗಾದರೂ ಒಪ್ಪಿಸಬೇಕೆಂದು ಅವನೂ ಹಿಂದೆಯೇ ಹೋದ.

ನಾಯಿ ಬಾಲ ಅಲ್ಲಾಡಿಸುತ್ತಾ ಕಾಯುತ್ತಿತ್ತು, ಅಭ್ಯಾಸವಿದ್ದ ಹಾಗೆ. ಅವಳು ಕಾಗದ ಬಿಚ್ಚಿದಳು.

"ಎಷ್ಟು ದಿನದಿಂದ?" ಬೆನ್ನ ಹಿಂದೆ ಅವನ ದನಿ.

ಅವಳು ತಿರುಗಿದಳು.

"ಹೇಳು! ಎಷ್ಟು ದಿನದಿಂದ ನಾಯಿಗೆ ಹಾಕ್ತಿದೀಯ?"

"...ಹೆಚ್ಚುಕಡಿಮೆ ಮೊದಲಿಂದಲೂ."

"ಇಷ್ಟ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಬೋದಿತ್ತು. ಬನ್ನೂ ಬೇಡ, ನಾನೂ ಬೇಡ ಅಂತ."

"ಹಾಗಲ್ಲ ರೀ..."

ಅವನು ಹೋಗಿಬಿಟ್ಟಿದ್ದ. ಮರುದಿನದಿಂದ ಹತ್ತು ಗಂಟೆ ಸುಮ್ಮನೆ ಬಂದು ಹೋಗತೊಡಗಿತು.

ಇಪ್ಪತ್ತು ದಿನವಾಗಿರಬೇಕು. ಎರಡನೇ ತಿರುವಿನ ಮೆಟ್ಟಿಲಲ್ಲಿ ಅವಳು ಕುಸಿದು ಕೂತಳು. ಬೀಗದ ಕೈ ಹುಡುಕುವ ನಾಟಕಕ್ಕೂ ಕೈ ಏಳಲಿಲ್ಲ. ಮೇಲಿನಿಂದ ಇಳಿದು ಬಂದ ಅತ್ತಿಗೆ, "ಅಲ್ಲೇ ಹಾಸಿಗೆ ಹಾಸಿ ಕೊಡ್ಲಾ?" ಎಂದು ದಾಟಿಕೊಂಡು ಹೋದಳು.

ಅವಳಿಗೆ ಅಮ್ಮ ಗೋಡೆ ಹಿಡಿದು ಎದ್ದದ್ದು ಕಂಡಿತು. 'ಇಲ್ಲ. ನಾನು ಹಾಗೆ ಹೋಗಲ್ಲ.'

ಮರುದಿನ ಒಬ್ಬಳೇ ಡಾಕ್ಟರಮ್ಮನ ಮುಂದೆ ಕೂತು, ಬನ್ನು, ನಾಯಿ, ಸುಳ್ಳು ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಂದು ವರ್ಷ, ಕಣಮ್ಮ. ಒಂದು ಇಡೀ ವರ್ಷ."

"ಮನೇಲಿ ಅನ್ನ. ಆಗೊಮ್ಮೆ ಈಗೊಮ್ಮೆ ಬಿಸ್ಕತ್ತು ಅಷ್ಟೇ ತಿಂತಿದ್ದೆ, ಮೇಡಂ."

"ಕರುಳು ಕೆಡೋಕೆ ಅಷ್ಟು ಸಾಕು. ಪರೀಕ್ಷೆಯಲ್ಲಿ ಕಾಣೋಕೆ ಸಾಲದು." ಅವರು ನಿಟ್ಟುಸಿರು ಬಿಟ್ಟರು. "ಈಗ ಆರು ವಾರ, ದಿನಕ್ಕೆರಡು ಬನ್ನು ತಿನ್ನಿ. ಕಷ್ಟ ಆಗುತ್ತೆ. ತೀರಾ ತಡೆಯೋಕಾಗದಿದ್ರೆ ಬಂದ್ಬಿಡಿ. ಆಮೇಲೆ ಪರೀಕ್ಷೆ."

ಅವಳು ನೇರ ಭಟ್ಟಿಯ ಮುಂದೆ ಹೋಗಿ ನಿಂತಳು. ಅವನು ತಿರುಗಿ ನೋಡಲಿಲ್ಲ.

"ಎರಡು ಬನ್ನು ಬೇಕು."

"ನಾಯಿಗಾ?"

"ನಂಗೆ."

ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಮೇಜಿನ ಮೇಲೆ ಕೂತುಬಿಟ್ಟಿತು.

"ಅಂದ್ರೆ... ನಾನು ನಿಂಗೆ ಕಾಯಿಲೆ ಕೊಡ್ತಿದ್ದೆ."

"ನೀವು ಕೊಟ್ಟಿದ್ದನ್ನ ನಾಯಿ ತಿಂತು. ದುಂಡಗಾಗಿದೆ, ಹೋಗಿ ನೋಡಿ."

ಅವನು ನಗಲಿಲ್ಲ. "ಗೊತ್ತಿದ್ದೂ ಗೊತ್ತಿದ್ದೂ ನಾನು ಕೊಡಲ್ಲ. ಬೇರೆ ಬೇಕರಿಗೆ ಹೋಗು."

"ಬೇರೆಯವರ ಬನ್ನು ತಿಂದು ನಾನ್ಯಾಕೆ ನರಳ್ಲಿ?" ಅವಳ ಕಣ್ಣು ತುಂಬಿತು. "ನರಳೋದೇ ಆದ್ರೆ... ನಿನ್ನ ಕೈಯಿಂದಲೇ ಆಗ್ಲಿ."

ಪ್ರೀತಿಸುತ್ತೇನೆಂದು ಅವಳು ಹೇಳಿದ್ದು ಹಾಗೆ. ಅವನಿಗೆ ಅರ್ಥವಾಯಿತು.

ಆರು ವಾರ. ಹತ್ತು ಗಂಟೆಗೆ ಅವಳು ಸ್ಟೂಲಿನ ಮೇಲೆ, ಅವನು ಎದುರಿಗೆ ಮಗುಚಿದ ಕ್ರೇಟಿನ ಮೇಲೆ. ಎರಡನೇ ವಾರಕ್ಕೆ ಹೊಟ್ಟೆ ಉಬ್ಬರಿಸಿತು. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ನಾಲ್ಕನೇ ವಾರ ಅವನು ಪೊಟ್ಟಣ ಕಿತ್ತುಕೊಂಡ.

"ಸಾಕು! ನಂಗಾಗಲ್ಲ ಕಣೇ."

"ತಿನ್ನೋಳು ನಾನು. ನಿಂಗೇನು ಕಷ್ಟ?"

ಅವನು ಬನ್ನನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದೇ ಅವಳ ಅಂಗೈಗೆ ಇಟ್ಟ. ಅವಳು ಒಂದೊಂದೇ ನುಂಗಿದಳು. ಗಿರಾಕಿಯೊಬ್ಬರು ನೋಡಿ, "ಎಷ್ಟು ಮುದ್ದು ಮಾಡ್ತಾನಪ್ಪ!" ಎಂದರು. ಇಬ್ಬರೂ ತಲೆಯೆತ್ತಲಿಲ್ಲ.

ರಕ್ತ ಪರೀಕ್ಷೆ ಈ ಸಲ ಹೌದೆಂದಿತು. ಗಂಟಲಿನಿಂದ ಕ್ಯಾಮೆರಾದ ಪೈಪು ಇಳಿಸಿ ತೆಗೆದ ಕರುಳಿನ ಚೂರೂ ಹೌದೆಂದಿತು.

"ಕಾರಣ ಸಿಕ್ತು," ಎಂದರು ಡಾಕ್ಟರಮ್ಮ. "ಇನ್ನು ಗೋಧಿಯ ಒಂದು ಚೂರೂ ಬೇಡ, ಜೀವನಪೂರ್ತಿ. ಆ ಹಿಟ್ಟಿನ ಧೂಳಲ್ಲಿ ಕೆಲಸಾನೂ ಬೇಡ. ಕರುಳು ಮಾಯ್ದ ಮೇಲೆ ಮಾತ್ರೆ ಹತ್ತುತ್ತೆ. ತಿಂಗಳುಗಟ್ಟಲೆ ಹಿಡಿಯುತ್ತೆ, ಅವಸರ ಮಾಡ್ಬೇಡಿ. ಇದು ಮನೆತನದಲ್ಲಿ ಬರೋದುಂಟು. ಅಣ್ಣನಿಗೂ ಪರೀಕ್ಷೆ ಮಾಡ್ಸಿ. ತಾಯಿಗೆ ಹೀಗೇ ಸುಸ್ತಿತ್ತಾ?"

ಅವಳು ಮೇಜಿನ ಅಂಚು ಹಿಡಿದಳು.

ಅಮ್ಮನಿಗೆ ರಸ್ಕ್ ಇಷ್ಟ. ಆ ಕೊನೆಯ ತಿಂಗಳು ಬೇರೇನೂ ಸೇರುತ್ತಿರಲಿಲ್ಲ. ರೇಗಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ, ಚಹಾದಲ್ಲಿ ಅದ್ದಿ, ಮೆತ್ತಗೆ ಮಾಡಿ, ಒಂದೊಂದೇ ತುತ್ತು ಮಗಳೇ ತಿನ್ನಿಸಿದ್ದಳು. 'ನಿನ್ನ ಕೈಯಿಂದ ತಿಂದ್ರೆ ರುಚಿ ಕಣೇ' ಎಂದಿದ್ದಳು ಅಮ್ಮ.

ಆಚೆ ಬಂದು, ಕಾಯುತ್ತಿದ್ದ ಅವನಿಗೆ ಫಲಿತಾಂಶವಷ್ಟೇ ಹೇಳಿದಳು. ರಸ್ಕಿನ ವಿಷಯ ಬಾಯಿಗೆ ಬರಲಿಲ್ಲ. ಅವನು ಅವಳನ್ನು ಮನೆಯ ಬಾಗಿಲಿಗೆ ಬಿಟ್ಟು, ತನ್ನ ಅಂಗೈಗಳನ್ನೇ ನೋಡುತ್ತಾ ಮೆಟ್ಟಿಲಿಳಿದು ಹೋದ.

ಮತ್ತೆ ಬರಲಿಲ್ಲ. ಒಂದು ವಾರ, ಎರಡು, ಐದು. ಫೋನು ಮಾಡಿದರೆ, "ಕೆಲಸ ಜಾಸ್ತಿ" ಎನ್ನುತ್ತಿದ್ದ.

ಅವಳು ಚಪ್ಪಲಿ ಅಂಗಡಿಯೊಂದರಲ್ಲಿ ಬಿಲ್ ಬರೆಯಲು ಸೇರಿದಳು. ಮನೆಯಲ್ಲಿ, ಗೋಧಿ ತಗಲದ ಹಾಗೆ, ಬೇರೆ ಡಬ್ಬಿ, ಬೇರೆ ಸೌಟು. "ಅಂದ್ರೆ ಇನ್ಮೇಲೆ ನಿಂಗೆ ಬೇರೆ ಒಲೆನೂ ಬೇಕೇನೋ?" ಎಂದಳು ಅತ್ತಿಗೆ. ತಪ್ಪಾಯಿತೆಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಅವಳು ಕಾಯಲೂ ಇಲ್ಲ. ಸುಸ್ತು ಹಾಗೇ ಇತ್ತು. ಒಂದೇ ವ್ಯತ್ಯಾಸ, ಈಗ ಅದರ ಕಾರಣ ಗೊತ್ತಿತ್ತು. ಆರನೇ ವಾರ ಒಂದು ಸಂಜೆ, ಒಂದು ತಿರುವಿನಲ್ಲಿ ನಿಲ್ಲದೆ ಮೆಟ್ಟಿಲು ಹತ್ತಿದ್ದಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು.

ತೆರೆದಳು. ಹೊಸ್ತಿಲಿನಿಂದ ಮೂರು ಅಡಿ ಆಚೆ ಅವನು ನಿಂತಿದ್ದ. ಒಗೆದ ಬಟ್ಟೆ. ಒದ್ದೆ ತಲೆ. ಬೋಳು ಮೇಲ್ದುಟಿ.

"ಮೀಸೆ ಎಲ್ಲಿ?"

"ತೆಗೆಸ್ಬಿಟ್ಟೆ. ಅದರಲ್ಲೂ ಹಿಟ್ಟು ನಿಲ್ತಿತ್ತು."

"...ಕೆಟ್ಟದಾಗಿ ಕಾಣ್ತೀಯ."

"ಗೊತ್ತು."

"ಒಂದೂವರೆ ತಿಂಗಳು ಎಲ್ಲಿ ಸತ್ತಿದ್ದೆ?"

ಅವನು ಎರಡೂ ಕೈ ಮುಂದೆ ಚಾಚಿ ತೋರಿಸಿದ. ಉಜ್ಜಿ ಉಜ್ಜಿ ಕೆಂಪಾಗಿದ್ದವು. "ಹೋಗ್ತಾನೇ ಇರ್ಲಿಲ್ಲ ಕಣೇ. ಉಗುರಲ್ಲಿ, ಕಿವಿಯಲ್ಲಿ, ಹುಬ್ಬಲ್ಲಿ... ಹದಿನಾರು ವರ್ಷದ ಹಿಟ್ಟು. ಬೇರೆ ಕೆಲಸ ಹುಡುಕ್ದೆ. ನಂಗೆ ಇದು ಬಿಟ್ರೆ ಏನೂ ಬರಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ? ಈ ಕೈಯಿಂದಲೇ ನಿಂಗೆ..."

"ನಾನೂ ತಿನ್ನಿಸಿದೀನಿ."

"ಯಾರಿಗೆ?"

"ಅಮ್ಮನಿಗೆ. ರಸ್ಕು. ಕೊನೆವರೆಗೂ." ಅವಳ ದನಿ ಒಡೆಯಿತು. "ಅವಳು ನನ್ನ ಬೈದ್ಕೊಂಡು ಹೋಗಿರಲ್ಲ ಅಲ್ವಾ?"

ತಾನು ಕೇಳಬೇಕೆಂದು ಬಂದ ಪ್ರಶ್ನೆಯೂ ಅದೇ ಎಂದು ಅವನಿಗೆ ಆಗ ಗೊತ್ತಾಯಿತು.

"ಇಲ್ಲ," ಎಂದ. "ನೀನು ನನ್ನ ಬೈದ್ಯಾ?"

"ಇಲ್ಲ."

"ಮತ್ತೆ?"

ಅವಳು ಕಣ್ಣೊರೆಸಿಕೊಂಡಳು.

"ಬೇಕರಿ ಹಿಂದೆ ಒಂದು ನಲ್ಲಿ ಇದೆ," ಎಂದ ಅವನು. "ಅಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ, ಬೇರೆ ಚಪ್ಪಲಿ ಹಾಕ್ಕೊಂಡು ಬರ್ತೀನಿ. ದಿನಾ. ಬದುಕಿರೋವರೆಗೂ."

"ದಿನಾ ಅಂದ್ರೆ ಸುಸ್ತಾಗುತ್ತೆ."

"ಆಗ್ಲಿ ಬಿಡು. ಇನ್ಮೇಲೆ ನಂಗಾಗ್ಲಿ."

ಅವಳು ಹೊಸ್ತಿಲು ದಾಟಿ, ಆ ಮೂರು ಅಡಿ ನಡೆದು, ಅವನ ಎದೆಗೆ ಹಣೆ ಇಟ್ಟಳು. ಮೆಲ್ಲಗೆ ಉಸಿರೆಳೆದುಕೊಂಡಳು. ಬರೀ ಸೋಪು. ಹುದುಗಿಲ್ಲ, ಬೆಂಕಿಯಿಲ್ಲ, ಬಿಸಿ ಬ್ರೆಡ್ಡಿಲ್ಲ.

"ನಿನ್ನ ವಾಸನೆ ಹೋಗ್ಬಿಟ್ಟಿದೆ."

"ಬೇಜಾರಾ?"

"ಹೂಂ."

"ನಂಗೂ."

ಒಳಗಿನಿಂದ ಅತ್ತಿಗೆ ಯಾರೆಂದು ಕೂಗಿ ಕೇಳಿದಳು. ಅವಳು ಅವನ ಕೆಂಪು ಅಂಗೈಯನ್ನು ತನ್ನ ಬಿಳಿ ಅಂಗೈಯಲ್ಲಿ ಹಿಡಿದಳು.

"ಒಳಗೆ ಬಾ."