ಮುಚ್ಚಿದಾಗಷ್ಟೇ ಕೆಡುವ ಬಾಗಿಲು

ಆ ಬೆಳಿಗ್ಗೆ ಮಳೆ ನೆಲ ಮುಟ್ಟುತ್ತಲೇ ಗಾಜಾಗುತ್ತಿತ್ತು. ಕಿರನ್ಸ್ ಕೋವ್ ಎಂಬ ಕಡಲೂರಿನ ಬೇಲಿಗೆ, ಕರೆಂಟಿನ ತಂತಿಗೆ, ದೋಣಿಯ ಹಗ್ಗಕ್ಕೆ, ಚರ್ಚಿನ ಶಿಲುಬೆಗೆ, ಎಲ್ಲದಕ್ಕೂ ಮಂಜುಗಡ್ಡೆಯ ಹೊದಿಕೆ. ಕಡಲ ಗಾಳಿ ಬೀಸಿದರೆ ಊರಿಗೆ ಊರೇ ಬಳೆಯಂಗಡಿಯ ಹಾಗೆ ಕಿಣಿಕಿಣಿ ಎನ್ನುತ್ತಿತ್ತು. ನ್ಯೂಫೌಂಡ್‌ಲ್ಯಾಂಡ್ ದ್ವೀಪದವರಿಗೆ ಇದೇನು ಹೊಸದಲ್ಲ. ಕಾಲು ಜಾರದಂತೆ ಮೆಟ್ಟಿಲಿಗೆ ಬೂದಿ ಚೆಲ್ಲಿ, ದೇವರ ಹೆಸರು ಹೇಳಿ, ಕೆಲಸಕ್ಕೆ ಹೊರಡುತ್ತಾರೆ.

ಮೆಕ್ಯಾನಿಕ್ ಆಂಬ್ರೋಸ್ ತನ್ನ ಗ್ಯಾರೇಜಿನ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಾಗ ಬಾಗಿಲಲ್ಲಿ ಲೊರೆಟಾಳ ನೀಲಿ ಕಾರು ಬಂದು ನಿಂತಿತು. ಅವನ ಎದೆ ಮೊದಲು ಹಿಗ್ಗಿತು, ಆಮೇಲೆ ಕುಗ್ಗಿತು.

"ಬಂತು ನೋಡಪ್ಪ, ಜ್ವರದ ಕಾರು," ಎಂದ ಒಲೆಯ ಪಕ್ಕ ಕೂತಿದ್ದ ಮುದುಕ ಗಸ್. "ಜ್ವರ ಎಲ್ಲಿ ಏರಿದ್ರೂ ಇಳಿಯೋದು ಮಾತ್ರ ನಿನ್ನ ಬಾಗ್ಲಲ್ಲೇ."

ಊರಿನ ತಮಾಷೆ ಅದೇ ಆಗಿತ್ತು. ಲೊರೆಟಾ ಹಾಸಿಗೆ ಹಿಡಿದ ಮುದುಕರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವವಳು. ಕೈಯಲ್ಲಿನ ರಿಮೋಟ್ ಒತ್ತಿದರೆ ಅವಳ ಕಾರಿನ ಮೂರು ಬಾಗಿಲು ಟಕ್ ಎಂದು ತೆರೆದುಕೊಳ್ಳುತ್ತಿದ್ದವು, ಚಾಲಕರ ಬಾಗಿಲು ಮಾತ್ರ ಕಲ್ಲು. ಬೀಗದ ಕೈ ಹಾಕೋಣವೆಂದರೆ ಚಳಿಗೆ ಅದರ ತೂತೂ ಹೆಪ್ಪುಗಟ್ಟಿರುತ್ತಿತ್ತು. ಆದರೆ ಗ್ಯಾರೇಜಿನ ಬೆಚ್ಚಗೆ ತಂದು ನಿಲ್ಲಿಸಿದರೆ ಸಾಕು, ಅದೂ ಟಕ್ ಎಂದು ಹಾಡುತ್ತಿತ್ತು. ಆಂಬ್ರೋಸ್ ಫ್ಯೂಸು ನೋಡಿದ್ದ, ಬಾಗಿಲೊಳಗಿನ ಪುಟ್ಟ ಮೋಟಾರು ಬಿಚ್ಚಿ ನೋಡಿದ್ದ, ಏನೂ ಸಿಕ್ಕಿರಲಿಲ್ಲ. ನಲವತ್ತು ದಾಟಿದ ಒಂಟಿ ಹೆಣ್ಣು, ಮದುವೆಯಾಗದ ಗಂಡು. ಕಾಯಿಲೆ ಕಾರಿಗಲ್ಲ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಮೊದಮೊದಲು ಲೊರೆಟಾ ಆ ತಮಾಷೆಗೆ ನಗುತ್ತಿದ್ದಳು. ನಕ್ಕಾಗ ತುಟಿಯ ಎಡಗಡೆ ಮಾತ್ರ ಮೇಲೇಳುತ್ತಿತ್ತು, ಬಲಗಡೆ ಇನ್ನೂ ಯೋಚಿಸುತ್ತಿದೆಯೋ ಎಂಬಂತೆ. ಇವತ್ತು ಎರಡೂ ಕಡೆ ಅಲುಗಲಿಲ್ಲ. ಅವಳ ಮುಖ ನೋಡಿ ಗಸ್ ಟೋಪಿ ಹಾಕಿಕೊಂಡು, ಮನೆಯಲ್ಲಿ ಬೆಕ್ಕಿಗೆ ಹಾಲು ಹಾಕಿಲ್ಲವೆಂದು ಏನೋ ಗೊಣಗಿ ಹೊರಟುಹೋದ.

ಅವಳು ಒಲೆಗೆ ಕೈ ಕಾಯಿಸುತ್ತ ಹೇಳಿದಳು. ಇವತ್ತು ಉಳಿದ ಮೂರು ಬಾಗಿಲೂ ಮಂಜುಗಡ್ಡೆಗೆ ಅಂಟಿಹೋಗಿದ್ದವಂತೆ. ಕೆತ್ತಿ ಕೆತ್ತಿ, ಆ ಕಡೆಯಿಂದ ಹತ್ತಿ, ಸೀಟು ದಾಟಿ ಕೂತು, ತಾನು ನೋಡಿಕೊಳ್ಳುವ ಸ್ಟೆಲ್ಲಾ ಅಜ್ಜಿಯ ಮನೆ ಮುಟ್ಟುವಾಗ ತುಂಬ ತಡವಾಗಿತ್ತು. ಅಜ್ಜಿ ಕಾದು ಕಾದು, ತಾನೇ ಒಲೆ ಹಚ್ಚಲು ಮಂಚ ಇಳಿದು, ಕಾಲು ಬಾರದೆ ತಣ್ಣನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು, ಕೈಯಲ್ಲಿ ಜಪಮಾಲೆ. ದೇವರ ದಯೆ, ಮೂಳೆ ಮುರಿದಿರಲಿಲ್ಲ.

"ನಿಜ ಹೇಳು ಆಂಬ್ರೋಸ್. ಕಾರಿಗೆ ಏನೂ ಆಗಿಲ್ವಾ? ಎಲ್ರೂ ನಗ್ತಾರೆ ನಗ್ತಾರೆ ಅಂತ ಈಗ ನಂಗೇ ಅನುಮಾನ. ನಾನೇ ನೆಪ ಹುಡುಕ್ಕೊಂಡು ಬರ್ತಿದೀನಾ?"

ಆಂಬ್ರೋಸ್ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ.

ಅವನಿಗೆ ಗೊತ್ತಿತ್ತು. ಕಳೆದ ಸಲ ಅವಳು ಬಂದಾಗ ಒಲೆ ಇನ್ನೂ ಹಚ್ಚಿರಲಿಲ್ಲ. ಕಾರಿನ ಆ ಬಾಗಿಲು ಮುಚ್ಚಿ, ತಗಡಿಗೆ ಕಿವಿಯಿಟ್ಟು ರಿಮೋಟ್ ಒತ್ತಿದ್ದ. ಸದ್ದಿಲ್ಲ. ತೆರೆದು ಒತ್ತಿದ, ಟಕ್. ಬಾಗಿಲಿಗೂ ಕಾರಿನ ಮೈಗೂ ನಡುವೆ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಸರಿಸಿ ನೋಡಿದರೆ, ದಿನವೂ ಬಾಗಿ ಬಾಗಿ, ಕಡಲುಪ್ಪು ತಿಂದು, ಒಂದು ವೈರು ಕಿಲುಬಿನಿಂದ ಹಸಿರಾಗಿ ತುಂಡಾಗಿತ್ತು. ಬಾಗಿಲು ತೆರೆದರೆ ತುದಿಗಳು ಮುಟ್ಟುತ್ತಿದ್ದವು, ಮುಚ್ಚಿದರೆ ಅಗಲುತ್ತಿದ್ದವು. ಬೆಚ್ಚಗಿದ್ದಾಗ ರಬ್ಬರು ಮೆತ್ತಗಾಗಿ ತುದಿಗಳು ಹೇಗೋ ತಾಗಿಕೊಂಡಿರುತ್ತಿದ್ದವು. ಕೂಡಿಸುವುದು ಒಂದು ಗಳಿಗೆಯ ಕೆಲಸ. ಕೂಡಿಸಿದ ಮೇಲೆ ಇವಳು ಯಾಕೆ ಬರುತ್ತಾಳೆ? ಅವನು ಕೊಳವೆಯನ್ನು ಮೊದಲಿನಂತೆ ಸೇರಿಸಿ, ಇನ್ನೊಮ್ಮೆ ತಾ, ನೋಡೋಣ ಎಂದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಅಂದಿನಿಂದ ಅವನು ಪ್ರಾರ್ಥನೆಗೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ.

ಇವತ್ತೂ ಸುಳ್ಳು ಹೇಳಬಹುದಿತ್ತು. ಆದರೆ ತಣ್ಣನೆಯ ನೆಲದ ಮೇಲೆ ಕೂತ ಅಜ್ಜಿ ಕಣ್ಣಿಗೆ ಕಟ್ಟಿದಳು.

"ಆಗಿದೆ," ಎಂದ. "ನಂಗೆ ಹೋದ ಸಲನೇ ಸಿಕ್ಕಿತ್ತು. ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ನೀನು ಬರ್ತಿರ್ಲಿಲ್ಲ."

ಅವಳು ಅವನನ್ನು ತಿರುಗಿ ನೋಡಿದಳು. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಕಣ್ಣಲ್ಲಿದ್ದದ್ದು ದಣಿವು.

"ಮಾಡಿ ಮುಗ್ಸು," ಎಂದಳು.

ಅವಳು ಕಾರನ್ನು ಗ್ಯಾರೇಜಿನೊಳಗೆ ತಂದು ಅದರಲ್ಲೇ ಕೂತಳು. ಅವನು ಹಸಿರಾದ ತುದಿ ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದ. ಬಾಗುವ ಕಡೆ ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಟ್ಟ, ನೀರು ಹೋಗದಂತೆ ಸುತ್ತಿದ. ಅವಳ ತೋಳು ಅವನ ಭುಜದಿಂದ ಗೇಣು ದೂರದಲ್ಲಿತ್ತು. ಕೋಟಿನಿಂದ ಹೊಗೆಯ, ಸೋಪಿನ, ಅಜ್ಜಿಗೆ ಕುದಿಸಿಕೊಟ್ಟ ಗಂಜಿಯ ವಾಸನೆ ಬರುತ್ತಿತ್ತು. ಅಷ್ಟು ಹತ್ತಿರ ಅವನು ಎಂದೂ ಇರಲಿಲ್ಲ, ಅಷ್ಟು ದೂರವೂ.

ಗ್ಯಾರೇಜಿನ ದೊಡ್ಡ ಬಾಗಿಲು ತೆರೆದು ಚಳಿಯನ್ನು ಒಳಗೆ ಬಿಟ್ಟ. ಕಾರು ಪೂರ್ತಿ ತಣಿಯಲಿ ಎಂದು ಇಬ್ಬರೂ ಕಾದರು. ಆಮೇಲೆ ಅವನು ಕಾರಿನ ಬಾಗಿಲು ಮುಚ್ಚಿ ಕಿವಿಯಿಟ್ಟ. ಒಳಗಿನಿಂದ ಅವಳು ಗುಂಡಿ ಒತ್ತಿದಳು.

ಟಕ್.

ಇನ್ನೊಮ್ಮೆ. ಟಕ್. ಅವಳ ಉಸಿರಿಗೆ ಮಬ್ಬಾದ ಗಾಜಿನ ಹಿಂದೆ ಮುಖ ಕಾಣಲಿಲ್ಲ. ಎಂಜಿನ್ ಶುರುವಾಯಿತು, ಕಾರು ಹೊರಟಿತು. ಅವನು ಸುತ್ತಿಗೆ ಹಿಡಿದವನಂತೆ ಬರಿಗೈ ಬಿಗಿಹಿಡಿದು ನಿಂತೇ ಇದ್ದ.

ಭಾನುವಾರ ಚರ್ಚಿನ ಬಲಿಪೂಜೆಗೆ ಊರೆಲ್ಲ ಬಂದಿತ್ತು. ಪಾದ್ರಿಗಳು ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದಾಗ ಎಲ್ಲರೂ ತಿರುಗಿ, ನಿಮಗೆ ಶಾಂತಿ ಇರಲಿ ಎನ್ನುತ್ತ ಕೈಕುಲುಕಿದರು. ಲೊರೆಟಾ ಹಿಂದಿನ ಬೆಂಚಿಗೂ ತಿರುಗಿದಳು. ಗಸ್‌ನ ಕೈ ಹಿಡಿದಳು, ಅವನ ಪಕ್ಕ ಚಾಚಿದ್ದ ಆಂಬ್ರೋಸನ ಕೈಯನ್ನು ದಾಟಿ ಆಚೆಯವರ ಕೈ ಹಿಡಿದಳು. ಅವನು ತನ್ನ ಕೈಯನ್ನು ಮೆಲ್ಲಗೆ ಕೋಟಿನ ಜೇಬಿಗಿಟ್ಟ.

ಪೂಜೆ ಮುಗಿದು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಚಹಾ, ಒಣದ್ರಾಕ್ಷಿಯ ಬನ್ನು. ಕೆಟಲ್ ಹಿಡಿದಿದ್ದ, ಊರಿಗೆಲ್ಲ ಅತ್ತೆಯಾದ ಆಗ್ನೆಸ್ ಅತ್ತೆ ಎಲ್ಲರಿಗೂ ಕೇಳುವಂತೆ, "ಏನಮ್ಮ ಲೊರೆಟಾ, ಜ್ವರ ಬಿಡ್ತಾ? ಇಲ್ಲ ಡಾಕ್ಟ್ರು ಮತ್ತೆ ಬಾ ಅಂದ್ರಾ?" ಎಂದಳು. ಹೆಂಗಸರು ಕಿಸಕ್ಕೆಂದರು. ಲೊರೆಟಾಳ ಕುತ್ತಿಗೆ ಕೆಂಪಾಯಿತು.

ಆಂಬ್ರೋಸ್ ಕಪ್ಪು ಕೆಳಗಿಟ್ಟ. ನಾಲ್ಕು ಜನರ ಮುಂದೆ ಎಂದೂ ಬಾಯಿಬಿಟ್ಟವನಲ್ಲ.

"ಅತ್ತೆ, ಕಾರಿಗೆ ನಿಜ್ವಾಗ್ಲೂ ಕಾಯಿಲೆ ಇತ್ತು. ವೈರು ತುಂಡಾಗಿತ್ತು. ಗೊತ್ತಿದ್ದೂ ನಾನೇ ಮುಚ್ಚಿಟ್ಟೆ. ನೆಪ ಹುಡುಕ್ದೋನು ನಾನು, ಅವಳಲ್ಲ."

ಆಗ್ನೆಸ್ ಅತ್ತೆ ತುಂಬಿದ ಕಪ್ಪಿಗೇ ಮತ್ತೆ ಚಹಾ ಸುರಿದಳು. ಆಂಬ್ರೋಸ್ ಟೋಪಿ ಹುಡುಕತೊಡಗಿದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಲೊರೆಟಾ ಮೇಜು ಸುತ್ತಿ ಬಂದು ಅವನ ಮುಂದೆ ನಿಂತಳು. ತುಟಿಯ ಎಡಗಡೆ ಇಷ್ಟೇ ಇಷ್ಟು ಎದ್ದಿತ್ತು.

"ಚರ್ಚೊಳಗೆ ನಿಂಗೆ ಕೊಡ್ದೇ ಉಳಿಸ್ಕೊಂಡಿದ್ದೆ," ಎಂದಳು, ಅವನಿಗಷ್ಟೇ ಕೇಳುವಂತೆ. ಅವನ ಗ್ರೀಸು ಮೆತ್ತಿದ ಕೈಯನ್ನು ತನ್ನೆರಡೂ ಕೈಯಲ್ಲಿ ತೆಗೆದುಕೊಂಡಳು. "ನಿನಗೆ ಶಾಂತಿ ಇರ್ಲಿ, ಆಂಬ್ರೋಸ್."