ಮೂರು ತೊಟ್ಟು ಹರಳೆಣ್ಣೆ

ಒಂದು ತೊಟ್ಟು, ಎರಡು ತೊಟ್ಟು, ಮೂರು. ರಮ್ಯ ಸಿಲಿಂಡರಿನ ಕತ್ತಿಗೆ ಹರಳೆಣ್ಣೆ ಬಿಟ್ಟು, ಫ್ರಾಕಿನ ಅಂಚಿನಿಂದ ಸುತ್ತಲೂ ಒರೆಸಿದಳು.

ಮಾವ ಬಚ್ಚಲಲ್ಲಿ ಹಾಡಿಕೊಂಡು ಸ್ನಾನ ಮಾಡುತ್ತಿದ್ದ. ನಿನ್ನೆ ಸಂಜೆ ಇದೇ ಸಿಲಿಂಡರಿನ ತಿರುಪು ತಿರುಗಿಸಲು ಒದ್ದಾಡಿ, “ಥೂ, ಏನ್ ಬಿಗಿ ಆಗೋಗದೆ!” ಎಂದಿದ್ದನಲ್ಲ? ಇವತ್ತು ನೋಡಲಿ, ಎಷ್ಟು ಸಲೀಸಾಗಿ ತಿರುಗುತ್ತದೆ!

ರಮ್ಯಳ ಮನೆಯಲ್ಲಿ ಎಲ್ಲದಕ್ಕೂ ಹರಳೆಣ್ಣೆಯೇ ಮದ್ದು. ಗೇಟು ಕಿರುಗುಟ್ಟಿದರೆ ಹರಳೆಣ್ಣೆ. ಪಂಪ್‌ಸೆಟ್ಟಿನ ನಟ್ಟು ಕಚ್ಚಿಕೊಂಡರೆ ಹರಳೆಣ್ಣೆ. ಅಜ್ಜಿ ಸೋಮಮ್ಮನಂತೂ, ಬಿಟ್ಟರೆ ಟಿ.ವಿ. ರಿಮೋಟಿಗೂ ಹಚ್ಚಿಯಾಳು!

ಮಾವ ನಾಗಾರ್ಜುನ ನೀರಿನಾಳದಲ್ಲಿ ಕೆಲಸ ಮಾಡುವವನು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುತ್ತಾನೆ. ಹತ್ತು ದಿನದಿಂದ ಊರಿನ ನಲ್ಲಿಗಳಲ್ಲಿ ನೀರು ದಾರದಷ್ಟೇ ಬರುತ್ತಿತ್ತು. ಹಿನ್ನೀರಿನ ತಳದಲ್ಲಿ ಪೈಪಿನ ಬಾಯಿಗೆ ಹರಿದ ಮೀನುಬಲೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಮಾವ, ಅವನ ಜೊತೆಗಾರ ಲೋಕೇಶ ಬಂದಿದ್ದರು. ಭಾನುವಾರವಾದ್ದರಿಂದ ರಮ್ಯಳೂ ಬುತ್ತಿ ಹಿಡಿದು ಹೊರಟಳು.

ದಡದ ಹೊಂಗೆ ಮರದ ಕೆಳಗೆ ಅವರ ತಂಡದ ಪವಿತ್ರಕ್ಕ ವಾಚು ನೋಡುತ್ತ ಕೂತಿದ್ದಳು. ಇಬ್ಬರೂ ಮುಳುಗಿ ಎಷ್ಟು ಹೊತ್ತಾಯಿತೆಂದು ಬರೆದಿಡುವುದು ಅವಳ ಕೆಲಸ. ಬೆಳಿಗ್ಗೆ ರಮ್ಯ ಎಣ್ಣೆ ಬಿಟ್ಟಿದ್ದ ಸಿಲಿಂಡರು ಅವಳ ಪಕ್ಕದಲ್ಲೇ ಇತ್ತು.

“ಅಕ್ಕ, ಬೆನ್ ಮೇಲೆ ಒಂದು ಸಿಲಿಂಡರ್ ಅದಲ್ಲ? ಇದ್ಯಾಕೆ ಇನ್ನೊಂದು?”

“ಗೋಲಿ ಸೋಡಾ ಕುಡ್ದಿದ್ದೀಯಾ? ಗೋಲಿ ಒತ್ತಿದ್ ಕೂಡ್ಲೆ ಏನಾಯ್ತದೆ?”

“ಬುಸ್ಸಂತ ಗುಳ್ಳೆ!”

“ಹೂಂ. ಆಳದಲ್ಲಿ ಉಸಿರಾಡ್ದಾಗ ಗಾಳಿಲಿರೋ ನೈಟ್ರೋಜನ್ನು ಮೈಯೊಳಗೆ ಜಾಸ್ತಿ ಸೇರ್ಕತದೆ. ಸರ್ರಂತ ಮೇಲಕ್ಕೆ ಬಂದ್ಬುಟ್ರೆ ಅಂಗೇ ಗುಳ್ಳೆ ಎದ್ದು ಕೈಕಾಲೆಲ್ಲ ನೋಯ್ತದೆ. ಅದಕ್ಕೇ ನಿಧಾನಕ್ಕೆ ಬತ್ತಾರೆ. ಬಂದ್ಮೇಲೆ ಬರೀ ಆಕ್ಸಿಜನ್ ಎಳ್ಕಂಡ್ರೆ, ಒಳಗೆ ಉಳ್ದಿರೋ ನೈಟ್ರೋಜನ್ನು ಬೇಗ ಆಚೆಗೋಯ್ತದೆ.”

ರಮ್ಯ ಸಿಲಿಂಡರಿನ ಕಡೆ ಕೈ ಚಾಚಿದಳು. ಪವಿತ್ರಕ್ಕ ತಟ್ಟನೆ ತಡೆದಳು.

“ಮುಟ್ಬ್ಯಾಡ ಕಣವ್ವ! ತಲೆಗೆ ಎಣ್ಣೆ ಅಚ್ಕಂಡಿದ್ದೀಯ. ಎಣ್ಣೆಗೂ ಇದ್ಕೂ ಆಗಿಬರಕ್ಕಿಲ್ಲ. ಜಿಡ್ಡಿರೋ ಕಡೆ ಈ ಆಕ್ಸಿಜನ್ ಜೋರಾಗಿ ನುಗ್ಗಿದ್ರೆ ಬೆಂಕಿನೇ ಅತ್ಕಬೋದು.”

ರಮ್ಯ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಹೇಳಿಬಿಡಲೇ? ಹೇಳಿದರೆ ಮಾವ ಇನ್ನೆಂದೂ ಕರೆದುಕೊಂಡು ಬರುವುದಿಲ್ಲ. ಅಮ್ಮನಂತೂ ಚರ್ಮ ಸುಲಿಯುತ್ತಾಳೆ. ಮೂರೇ ತೊಟ್ಟು ತಾನೆ? ಒರೆಸಿಯೂ ಆಗಿದೆ. ಒಣಗಿರಬಹುದು. ಆದರೆ ಹರಳೆಣ್ಣೆ ಎಲ್ಲಿ ಅಷ್ಟು ಬೇಗ ಒಣಗುತ್ತದೆ? ಅವಳ ಜಡೆಯೇ ಇನ್ನೂ ಅಂಟಂಟಾಗಿತ್ತು.

ಅಷ್ಟರಲ್ಲಿ ನೀರಿನ ಮೇಲೆ ಎರಡು ತಲೆ ಕಾಣಿಸಿದವು. ಮಾವ ದಡ ಹತ್ತಿ ಬಂದು, ನೀರು ಸೋರಿಸಿಕೊಂಡು ಮರಕ್ಕೆ ಒರಗಿದ. “ಅರ್ಧ ಬಲೆ ಬಿಡಿಸ್ದೋ. ಇನ್ನೊಂದ್ಸಲ ಇಳುದ್ರೆ ಮುಗೀತು,” ಎಂದು ಆಕ್ಸಿಜನ್ ಮಾಸ್ಕಿಗೆ ಕೈ ಹಾಕಿದ. ಪವಿತ್ರಕ್ಕ ತಿರುಪು ಹಿಡಿದಳು.

“ಅಕ್ಕಾ, ಬ್ಯಾಡಾ! ಅದಕ್ಕೆ ನಾನು ಅರಳೆಣ್ಣೆ ಬುಟ್ಟಿವ್ನಿ!”

ಪವಿತ್ರಕ್ಕ ಸರಕ್ಕನೆ ಕೈ ತೆಗೆದಳು. ಲೋಕೇಶ ತಲೆ ಚಚ್ಚಿಕೊಂಡ.

“ಅಯ್ಯೋ ನಿನ್ನ! ಇನ್ನೇನು ಮುಗ್ದೋಗದು ಕೆಲ್ಸ. ಈಗ ನೈಟ್ರೋಜನ್ನು ತಾನಾಗೇ ಓಗೋಗಂಟ ಮತ್ತೆ ಇಳಿಯಂಗಿಲ್ಲ, ಸುಮ್ನೆ ಕಾದು ಕೂತ್ರೆ ಕತ್ಲಾಯ್ತದೆ. ಇನ್ನು ನಾಳೆನೇಯ!”

ಅಂದರೆ ಇವತ್ತೂ ಊರಿಗೆ ನೀರಿಲ್ಲ. ರಮ್ಯ ಗೊಳೋ ಎಂದು ಅತ್ತಳು.

“ಮಾವ, ನಿಂಗೇನಾರಾ ಆಯ್ತದಾ?”

“ಏನೂ ಆಗಕ್ಕಿಲ್ಲ ಬುಡು ಮಗ. ಜಾಸ್ತಿ ಹೊತ್ತು ಕೆಳಗಿರ್ಲಿಲ್ಲ, ನಿಧಾನಕ್ಕೇ ಬಂದಿದ್ದೀವಿ. ಆಕ್ಸಿಜನ್ ಇದ್ದಿದ್ರೆ ನೈಟ್ರೋಜನ್ನು ಬೇಗ ಓಯ್ತಿತ್ತು. ಇಲ್ದಿದ್ರೆ ನಿಧಾನಕ್ಕೆ ಓಯ್ತದೆ. ಕೂತಿರ್ಬೇಕು, ಅಷ್ಟೇಯ.”

ಪವಿತ್ರಕ್ಕ ಆ ಸಿಲಿಂಡರಿಗೆ ಕೆಂಪು ಬಟ್ಟೆ ಕಟ್ಟಿ, ಕ್ಲೀನ್ ಮಾಡಿಸಲೆಂದು ದೂರ ಇರಿಸಿದಳು. ಮಾವ ಟವೆಲ್ ಹೊದ್ದು ಕೂತ. ರಮ್ಯಳೂ ಪಕ್ಕದಲ್ಲೇ ಕೂತಳು. ಬುತ್ತಿಯ ಚಿತ್ರಾನ್ನ ತಿಂದಾಯಿತು. ನೀರ ಮೇಲೆ ಕೊಕ್ಕರೆಗಳು ಹಾರಿ ಹೋದವು.

“ಕ್ವಾಪ ಬಂದದಾ ಮಾವ?”

“ಬಂದಿತ್ತು.”

“ಈಗ?”

ಮಾವ ಉದ್ದಕ್ಕೆ ಉಸಿರು ಬಿಟ್ಟ. “ಓಯ್ತಾ ಅದೆ, ನಿಧಾನಕ್ಕೆ.”

ರಮ್ಯ ಕಣ್ಣೊರೆಸಿಕೊಂಡು ಅವನ ತೋಳಿಗೆ ಒರಗಿದಳು. ಕತ್ತಲಾಗುವವರೆಗೂ ಅಲ್ಲಿಂದ ಏಳಲಿಲ್ಲ.

ಮರುದಿನ ಮಧ್ಯಾಹ್ನ ಸ್ಕೂಲಿನ ನಲ್ಲಿ ಬುಸ್ ಬುಸ್ ಎಂದು ಗಾಳಿ ಉಗುಳಿತು. ಕೆಮ್ಮಿತು. ಆಮೇಲೆ ನೀರು ದಪ್ಪಗೆ ಧುಮುಕಿತು. ಮಕ್ಕಳೆಲ್ಲ ಹೋ ಎಂದು ಕೂಗಿದರು.

ಬೆಲ್ ಹೊಡೆದದ್ದೇ ತಡ, ರಮ್ಯ ಆ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡು ದಡಕ್ಕೆ ಓಡಿದಳು. ಪೈಪಿಗೆ ಹೊಸ ಜಾಲರಿ ಬಿಗಿದು ಮಾವ ಆಗತಾನೆ ಮೇಲೆ ಬಂದಿದ್ದ. ಹೊಸ ಸಿಲಿಂಡರು ಬಂದಿತ್ತು. ಬಾಳೆಲೆಯಲ್ಲಿ ವಡೆ ಕಟ್ಟಿಕೊಂಡು ಅಜ್ಜಿಯೂ ಬಂದಿದ್ದಳು.

“ಇದೇನಾ ನಿನ್ ಸಿಲಿಂಡ್ರು?” ಎಂದು ಅಜ್ಜಿ ಕೈ ಮುಂದೆ ಮಾಡಿದಳು.

“ಅಜ್ಜೀ! ವಡೆ ಕೈ ಅದು!” ರಮ್ಯ ಅಡ್ಡ ನಿಂತಳು.

ಲೋಕೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

ರಮ್ಯ ಪವಿತ್ರಕ್ಕನ ಮುಂದೆ ಹೋಗಿ, ಯಾರೂ ಕೇಳದೆಯೇ, ಎರಡೂ ಅಂಗೈ ಚಾಚಿದಳು. ಪವಿತ್ರಕ್ಕ ಬಗ್ಗಿ ಮೂಸಿ ನೋಡಿದಳು.

“ಬರೀ ಸೋಪಿನ ವಾಸ್ನೆ,” ಎಂದು ಅವಳ ಕೈಗೆ ಮಾಸ್ಕು ಕೊಟ್ಟಳು. “ತಕಾ, ನಿಮ್ ಮಾವಂಗೆ ನೀನೇ ಕೊಡು.”